ಅಧ್ಯಕ್ಷೆ ರಹಿಮತಬಿಯ ಸುದ್ದಿ

ರಹಿಮತಬಿ ನದಾಫ ಮುಂಡರಗಿ ತಾಲ್ಲೂಕು ಪಂಚಾಯಿತಿಯ ಅಧ್ಯಕ್ಷೆಯಾದಾಗ ಗದಗ ಜಿಲ್ಲೆಯಾಗಿ ಮೂರು ವರ್ಷ ಕಳೆದಿತ್ತು. ಆ ಸಲ ಮೀಸಲಾತಿಯಲ್ಲಿ ಕುರ್ಚಿ ಹೆಂಗಸಿಗೆ ಬಂದಿತ್ತು. ಹೆಸರು ಆಕೆಯದು, ಕಾರಭಾರ ಗಂಡ ಮಾಶಾಕನದು ಎಂದು ಎಲ್ಲರೂ ತಿಳಿದಿದ್ದರು. ಆದರೆ ಮಾಶಾಕ ಬಸ್‌ಸ್ಟ್ಯಾಂಡ್ ಹತ್ತಿರದ ತನ್ನ ಗಾದಿ ಅಂಗಡಿ ಬಿಟ್ಟು ಏಳಲಿಲ್ಲ. ಸಹಿಗೆಂದು ಅವನ ಬಳಿ ಬಂದವರನ್ನೆಲ್ಲ, ಆರಿಸಿ ಬಂದವಳು ಆಫೀಸಿನಲ್ಲಿದ್ದಾಳೆ ಎಂದು ಹೇಳಿ ಅತ್ತಲೇ ಕಳಿಸುತ್ತಿದ್ದ.

ಹೊಸ ಜಿಲ್ಲೆಗೆಂದು ಪತ್ರಿಕೆಯವರು ದಿನಕ್ಕೊಂದು ಪುಟ ಶುರು ಮಾಡಿದ್ದರು. ಅಧಿಕಾರ ವಹಿಸಿಕೊಂಡ ಮರುದಿನ ಆ ಪುಟದಲ್ಲಿ ರಹಿಮತಬಿಯ ಫೋಟೊ ಬಂತು. ಮೇಲೆ ದಪ್ಪ ಅಕ್ಷರದಲ್ಲಿ ‘ಬುರ್ಖಾ ಬಿಟ್ಟು ಕುರ್ಚಿ ಏರಿದ ಮಹಿಳೆ’ ಎಂದಿತ್ತು. ಆಕೆ ಹುಟ್ಟಿದಾಗಿನಿಂದ ಬುರ್ಖಾ ಹಾಕಿದವಳೇ ಅಲ್ಲ. ಅವರ ಮನೆತನದ ಹೆಂಗಸರು ಗಂಡಸರ ಸರಿಸಮ ಕೂತು ಹತ್ತಿ ಹಿಂಜಿದವರು. ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದರೆ ಆಯಿತು. ಗಂಡ ಹೆಂಡತಿ ಇಬ್ಬರೂ ಅದನ್ನು ಓದಿ ನಕ್ಕರು. ಮಾಶಾಕ ಅದನ್ನು ಕತ್ತರಿಸಿ ಅಂಗಡಿಯ ಗೋಡೆಗೂ ಅಂಟಿಸಿದ.

ಆಕೆ ಹಿಡಿದ ಕೆಲಸ ನೀರಿನದು. ಡೋಣಿ ಊರಿನ ಆಚೆ, ಕಪ್ಪತಗುಡ್ಡದ ಅಡಿಯ ಕೆಲವು ಹಳ್ಳಿಗಳಲ್ಲಿ ಬೋರಿನ ನೀರು ಕುಡಿದ ಮಕ್ಕಳ ಹಲ್ಲು ಕಂದುಗಟ್ಟಿದ್ದವು. ಐವತ್ತು ದಾಟಿದವರ ಮೊಣಕಾಲು ಮಡಚುತ್ತಿರಲಿಲ್ಲ. ತುಂಗಭದ್ರೆಯ ನೀರನ್ನು ಪೈಪಿನಲ್ಲಿ ಅಲ್ಲಿಗೆ ತರಬೇಕು ಎಂಬ ಅರ್ಜಿ ಹಳೆಯದು. ಆದರೆ ಯಾವ ಊರಿನ ನೀರು ಎಷ್ಟು ಕೆಟ್ಟಿದೆ ಎಂದು ಯಾರೂ ಬರೆದಿಟ್ಟಿರಲಿಲ್ಲ. ರಹಿಮತಬಿ ಎಂಟು ಹಳ್ಳಿಗೆ ತಾನೇ ಹೋಗಿ ಬಾಟಲಿಯಲ್ಲಿ ನೀರು ಹಿಡಿದಳು. ಊರಿನ ಹೆಸರು ಬರೆದ ಚೀಟಿ ಅಂಟಿಸಿ, ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಗದಗಿಗೆ ಒಯ್ದು ಪರೀಕ್ಷೆ ಮಾಡಿಸಿದಳು. ಎಂಟರಲ್ಲಿ ಏಳು ಕುಡಿಯಲು ಯೋಗ್ಯವಲ್ಲ ಎಂದು ಬಂತು.

ಮುಂದಿನ ಜಿಲ್ಲಾ ಸಭೆಯಲ್ಲಿ ಆ ಬಾಟಲಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಮಾತಾಡಿದಳು. ಕಾಲು ತಾಸು ಮಾತಾಡಿದಳು. ಒಮ್ಮೆಯೂ ತಡವರಿಸಲಿಲ್ಲ. ತಿಂಗಳೊಳಗೆ ಎಂಟೂ ಹಳ್ಳಿಗೆ ಪೈಪಿನ ಸರ್ವೆ ಶುರುವಾಗಬೇಕೆಂದು ಅಲ್ಲೇ ತೀರ್ಮಾನವಾಯಿತು. ಕೂತ ಮೇಲೆ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಿಕ್ಕಂದಿನಿಂದ ಹತ್ತಿಯ ಧೂಳಿನಲ್ಲಿ ಬೆಳೆದ ಕಣ್ಣುಗಳು. ಆಗಾಗ ತಾವಾಗಿಯೇ ನೀರಾಡುತ್ತಿದ್ದವು. ಫೋಟೊದವನು ಕ್ಲಿಕ್ ಮಾಡಿದ್ದು ಆಗ.

‘ಸಭೆಯಲ್ಲಿ ಗಳಗಳನೆ ಅತ್ತ ಅಧ್ಯಕ್ಷೆ’ ಎಂದು ಮರುದಿನ ಬಂತು. ಬಾಟಲಿಯ ಮಾತಿಲ್ಲ, ಸರ್ವೆಯ ಮಾತಿಲ್ಲ. ಆ ವಾರ ಆಕೆ ಹಳ್ಳಿಗೆ ಹೋದಾಗ, ಹತ್ತು ವರ್ಷದಿಂದ ನೆಟ್ಟಗೆ ನಿಲ್ಲಲಾರದ ಸಿದ್ದಲಿಂಗವ್ವ ಎಂಬ ಮುದುಕಿ ಗೋಡೆ ಹಿಡಿದುಕೊಂಡು ಎದ್ದು ಬಂದು ಆಕೆಯ ಕೈ ಹಿಡಿದಳು.

“ಯಾಕ ಅತ್ತಿ ತಂಗಿ? ನಮ್ಮ ಸಲುವಾಗಿ ಅಷ್ಟ ಮಂದ್ಯಾಗ ಅಳಬ್ಯಾಡ. ನಮ್ಮ ಕಾಲಂತೂ ಹೋದುವು.”

ತಾನು ಅಳಲಿಲ್ಲ ಎಂದು ರಹಿಮತಬಿ ಹೇಳಿದಳು. ಸಿದ್ದಲಿಂಗವ್ವ ತಲೆಯಾಡಿಸಿದಳು, ನಂಬಲಿಲ್ಲ. ಆಕೆಯ ಮೊಮ್ಮಗ ಪೇಪರ್ ಓದಿ ಹೇಳಿದ್ದ.

ಸುದ್ದಿ ಬರೆದವನು ರೋಹನ ಎಂಬ ಹೊಸ ವರದಿಗಾರ. ರಹಿಮತಬಿ ಗದಗಿನ ಪತ್ರಿಕೆ ಆಫೀಸಿಗೇ ಹೋಗಿ ಕೇಳಿದಳು. ಹುಡುಗ ಮುಖ ಸಣ್ಣದು ಮಾಡಿಕೊಂಡು ತಾನು ಕಳಿಸಿದ ಬರಹದ ಪ್ರತಿ ತೋರಿಸಿದ. ಎರಡು ಪುಟ, ಏಳೂ ಊರಿನ ಹೆಸರಿನ ಸಮೇತ. ಮೇಲಿನವರು ಫೋಟೊ ನೋಡಿ ಎಲ್ಲ ಬದಲಿಸಿದ್ದರು. ತಪ್ಪು ಸರಿಪಡಿಸಲು ದೊಡ್ಡದೊಂದು ಸಂದರ್ಶನ ಮಾಡುತ್ತೇನೆ ಎಂದು ಅವನೇ ಹೇಳಿ, ಮುಂದಿನ ಶುಕ್ರವಾರ ಮುಂಡರಗಿಯ ಆಕೆಯ ಮನೆಗೆ ಬಂದ. ಎರಡು ತಾಸು ಕೂತು ನೀರಿನ ಸಂಗತಿಯನ್ನೆಲ್ಲ ಬರೆದುಕೊಂಡ. ಏಳುವಾಗ ಜೊತೆಗಿದ್ದ ಫೋಟೊದವನು, ಒಲೆಯ ಮುಂದೆ ಒಂದು ತೆಗೆಯೋಣ ಎಂದ. ರಹಿಮತಬಿ ಒಲ್ಲೆನೆಂದಳು. ಮನೆಯ ಫೋಟೊ ಇಲ್ಲದಿದ್ದರೆ ಮೇಲಿನವರು ಸಂದರ್ಶನವನ್ನೇ ಹಾಕುವುದಿಲ್ಲ ಎಂದು ರೋಹನ ತಲೆ ತಗ್ಗಿಸಿ ಹೇಳಿದ. ಆಕೆ ಹೋಗಿ ಒಲೆಯ ಮುಂದೆ ಕೂತಳು.

ಅದು ಭಾನುವಾರದ ಹೆಂಗಸರ ಪುಟದಲ್ಲಿ ಬಂತು, ‘ಅಧ್ಯಕ್ಷೆಯ ಕೈರುಚಿ’ ಎಂದು. ಕೆಳಗೆ ಬದನೆಕಾಯಿ ಎಣ್ಣೆಗಾಯಿ ಮಾಡುವ ವಿಧಾನವಿತ್ತು. ಆಕೆ ಹೇಳಿದ್ದಲ್ಲ, ಯಾರು ಬರೆದರೋ ಏನೋ. ಸೋಮವಾರದ ಸಭೆಯಲ್ಲಿ ಸದಸ್ಯ ಹನುಮಪ್ಪ ಎದ್ದು ನಿಂತು, ಇವತ್ತಿನ ವಿಷಯ ನೀರೋ ಬದನೆಕಾಯಿಯೋ ಎಂದು ಕೇಳಿದ. ಎಲ್ಲರೂ ನಕ್ಕರು. ಆಕೆಯ ಪರವಾಗಿ ಇದ್ದವರೂ ನಕ್ಕರು. ಆ ಸಂಜೆ ಆಕೆ ಪತ್ರಿಕೆಗೆ ತನ್ನ ಕೈಯಾರೆ ಪತ್ರ ಬರೆದಳು: ನನ್ನ ಅಡುಗೆ ಬಿಡಿ, ನೀರಿನ ಬಗ್ಗೆ ಬರೆಯಿರಿ. ‘ಪತ್ರಕರ್ತರ ಮೇಲೆ ಅಧ್ಯಕ್ಷೆ ಗರಂ’ ಎಂದು ಅದೂ ಸುದ್ದಿಯಾಯಿತು.

ಇಷ್ಟಾದರೂ ಸರ್ವೆ ನಡೆದಿತ್ತು. ಅದಕ್ಕೆ ಬಂದ ಎಂಜಿನಿಯರ್ ನಿಜಾಮುದ್ದೀನ ಮಿತಮಾತಿನ ಮನುಷ್ಯ; ಲಕ್ಷ್ಮೇಶ್ವರದಿಂದ ದಿನಾ ಬಂದು ಹೋಗುತ್ತಿದ್ದ. ಊರವರು ತಂತಮ್ಮ ಹೊಲದಲ್ಲಿ ಪೈಪು ಹಾಯಲು ಬಿಡುವುದಿಲ್ಲ ಎಂದು ತಕರಾರು ತೆಗೆದರೆ ಅವನಿಂದ ಮಾತಾಡಲು ಆಗುತ್ತಿರಲಿಲ್ಲ. ಹಾಗಾಗಿ ರಹಿಮತಬಿ ಅವನ ಜೀಪಿನಲ್ಲಿ ಹೋಗುತ್ತಿದ್ದಳು. ಮಂದಿ ಏನಾದರೂ ಅಂದಾರು ಎಂದು ಅಂಗಡಿ ಮುಚ್ಚಿ ಮಾಶಾಕನೂ ಹೋಗುತ್ತಿದ್ದ. ಎಂಟರಲ್ಲಿ ಆರು ಹಳ್ಳಿ ಮುಗಿದಿದ್ದವು.

ಒಂದು ದಿನ ಡೋಣಿ ದಾರಿಯಲ್ಲಿ ಯಾರೋ ಜೀಪಿನ ಫೋಟೊ ತೆಗೆದರು. ನಿಜಾಮುದ್ದೀನ ಜೀಪು ನಡೆಸುತ್ತಿದ್ದ, ಪಕ್ಕದಲ್ಲಿ ನಕಾಶೆ ಹಿಡಿದು ರಹಿಮತಬಿ, ಹಿಂದೆ ಮಾಶಾಕ. ಪತ್ರಿಕೆಯಲ್ಲಿ ಬಂದದ್ದು ಮುಂದಿನ ಇಬ್ಬರು ಮಾತ್ರ. ಮಾಶಾಕನ ತೋಳಷ್ಟೇ ಉಳಿಯುವಂತೆ ಫೋಟೊ ಕತ್ತರಿಸಿದ್ದರು. ‘ಗುಡ್ಡದ ದಾರಿಯಲ್ಲಿ ಅಧ್ಯಕ್ಷೆಯ ಜೀಪು ಸವಾರಿ’ ಎಂದು ಮೇಲೆ. ಕೆಳಗೆ ಮತ್ತೇನೂ ಇರಲಿಲ್ಲ.

ಮಾಶಾಕ ಅಂಗಡಿಗೆ ಬಂದವರಿಗೆಲ್ಲ ಹೇಳಿದ, ಹಿಂದೆ ಕೂತವನು ನಾನು, ಆ ತೋಳು ನನ್ನದು ಎಂದು. ಮಂದಿ ಹೌದು ಹೌದು ಎಂದು ಮೆಲ್ಲಗೆ ನಕ್ಕು ಬೇರೆ ಮಾತು ತೆಗೆದರು. ಎಷ್ಟು ಹೇಳಿದನೋ ಅಷ್ಟು ನಕ್ಕರು. ಮೂರನೆಯ ದಿನ ಹೇಳುವುದನ್ನು ಬಿಟ್ಟ. ಗೋಡೆಗೆ ಅಂಟಿಸಿದ್ದ ಹಳೆಯ ಸುದ್ದಿಯನ್ನೂ ಕೆರೆದು ತೆಗೆದ. ಶಾಲೆಗೆ ಹೋಗಿದ್ದ ಮಗಳು ಜಾಸ್ಮಿನ ಮಧ್ಯಾಹ್ನವೇ ಮನೆಗೆ ಬಂದು ಯಾಕೆಂದು ಹೇಳದೆ ಮಲಗಿದಳು.

“ನಾನ ಅದರಾಗ ಕುಂತಿದ್ದೆ,” ಎಂದ ಮಾಶಾಕ ಆ ರಾತ್ರಿ ಉಣ್ಣುವಾಗ. “ಕಣ್ಣಾರೆ ಕಂಡಾಂವ ನಾನ. ನನ್ನ ಮಾತೂ ಖರೆ ಅಲ್ಲ ಅಂದ್ರ ಇನ್ನ ಯಾರ ಕಡಿಂದ ಹೇಳಸೂಣು?”



ನಿಜಾಮುದ್ದೀನ ವಾರವಿಡೀ ಬರಲಿಲ್ಲ. ಆಕೆ ಲಕ್ಷ್ಮೇಶ್ವರದ ಅವನ ಮನೆಗೆ ಫೋನ್ ಮಾಡಿದಳು. ಎತ್ತಿದ ಅವನ ತಾಯಿ, ಅವನು ರಜೆ ಹಾಕಿದ್ದಾನೆ, ವರ್ಗಾವಣೆ ಕೇಳಿದ್ದಾನೆ ಎಂದರು. ಆಮೇಲೆ ಸೌಮ್ಯವಾಗಿಯೇ, ಅವನಿಗೆ ಹೆಣ್ಣು ನೋಡುತ್ತಿದ್ದೇವೆ, ದಯಮಾಡಿ ಫೋನ್ ಮಾಡಬೇಡಿ ಎಂದರು. ಬದಲಿಗೆ ಬೇರೆ ಎಂಜಿನಿಯರ್ ಬರಲೇ ಇಲ್ಲ. ಎರಡು ಹಳ್ಳಿ ಉಳಿದದ್ದರಿಂದ ಸರ್ವೆ ಪೂರ್ತಿಯಾಗಲಿಲ್ಲ, ಪೂರ್ತಿಯಾಗದ್ದರಿಂದ ಆ ವರ್ಷದ ಯೋಜನೆಯಲ್ಲಿ ಎಂಟೂ ಹಳ್ಳಿಯ ಹೆಸರು ಸೇರಲಿಲ್ಲ. ಇದು ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಇಪ್ಪತ್ತು ತಿಂಗಳ ಅವಧಿ ಮುಗಿಯಿತು. ಹೊಸ ಅಧ್ಯಕ್ಷೆಯಾಗಿ ಭುವನೇಶ್ವರಿ ಎಂಬ ತರುಣಿ ಬಂದಳು, ಬಿ.ಎ. ಓದಿದವಳು, ಚುರುಕು. ಆಕೆ ಉಟ್ಟ ಹಳದಿ ಸೀರೆಯ ಬಗ್ಗೆ ಪತ್ರಿಕೆ ಆಗಲೇ ಬರೆದಿತ್ತು. ನೀರಿನ ಕಾಗದಗಳನ್ನು ಆಫೀಸಿನವರ ಕೈಗೆ ಕೊಟ್ಟರೆ ಎಲ್ಲಿ ಕಳೆಯುತ್ತಾರೋ ಎಂದು ರಹಿಮತಬಿ ಪರೀಕ್ಷೆಯ ವರದಿ, ನಕಾಶೆ, ಆರು ಹಳ್ಳಿಯವರು ಒಪ್ಪಿ ಸಹಿ ಹಾಕಿದ್ದ ಹಾಳೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಆಕೆಯನ್ನು ನೋಡಲು ಆಫೀಸಿಗೆ ತಾನೇ ಹೋದಳು.

ಭುವನೇಶ್ವರಿ ಎದ್ದು ನಿಂತು ಕುರ್ಚಿ ಕೊಟ್ಟಳು, ಚಹಾ ತರಿಸಿದಳು. ರಹಿಮತಬಿ ಮೊದಲನೆಯ ಹಾಳೆ ಬಿಚ್ಚಿ ವಿವರಿಸಲು ಶುರು ಮಾಡಿದಳು. ಭುವನೇಶ್ವರಿಯ ಕಣ್ಣು ಕಿಟಕಿಯ ಕಡೆಗೇ ಇತ್ತು. ಹೊರಗೆ ಒಬ್ಬ ಫೋಟೊದವನು ಕಟ್ಟೆಯ ಮೇಲೆ ಕೂತಿದ್ದ.

“ಅಕ್ಕಾರ, ತಪ್ಪ ತಿಳಕೋಬ್ಯಾಡ್ರಿ,” ಎಂದಳು. “ಕಾಗದ ಇಲ್ಲೇ ಇಟ್ಟ ಹೋಗ್ರಿ, ನಾ ನೋಡತೀನಿ. ನಿಮ್ಮ ಜೋಡಿ ಫೋಟೊದಾಗ ಬರಬ್ಯಾಡ ಅಂತ ಮನ್ಯಾಗ ಹೇಳ್ಯಾರ.”

“ಎಂಟ ಊರಿನವು ಯವ್ವಾ ಇವು. ಎರಡ ಊರಿನ ಸರ್ವೆ ಅಷ್ಟ ಬಾಕಿ ಐತಿ.”

“ನೋಡತೀನ್ರಿ. ಖರೇನ ನೋಡತೀನಿ. ಹಿತ್ತಲ ಬಾಗಿಲ ತಗದೈತಿ, ಆ ಕಡೆ ಹೋದ್ರ ಛಲೋ.”

ಆಕೆಯ ದನಿಯಲ್ಲಿ ಸೊಕ್ಕಿರಲಿಲ್ಲ. ಹೆದರಿಕೆ ಇತ್ತು, ನಾಚಿಕೆಯೂ ಇತ್ತು. ಬೈಯಲು ರಹಿಮತಬಿಗೆ ಬಾಯಿ ಬರಲಿಲ್ಲ. ಚೀಲವನ್ನು ಮೇಜಿನ ಮೇಲಿಟ್ಟು, ಚಹಾ ಪೂರ್ತಿ ಕುಡಿದು, ಎದ್ದು ಹಿತ್ತಲ ಬಾಗಿಲಿನಿಂದಲೇ ಹೊರಗೆ ಬಂದಳು. ಭುವನೇಶ್ವರಿ ಆ ಕಾಗದ ಬಿಚ್ಚಿ ನೋಡಿದಳೋ ಇಲ್ಲವೋ ಆಕೆಗೆ ಕೊನೆಗೂ ಗೊತ್ತಾಗಲಿಲ್ಲ. ಮುಂದಿನ ವರ್ಷದ ಪಟ್ಟಿಯಲ್ಲೂ ಆ ಹಳ್ಳಿಗಳ ಹೆಸರಿರಲಿಲ್ಲ. ರಹಿಮತಬಿ ಅಂಗಡಿಯಲ್ಲಿ ಗಂಡನ ಎದುರು ಕೂತು ಗಾದಿಗೆ ಹೊಲಿಗೆ ಹಾಕುತ್ತಿದ್ದಳು. ಹಳ್ಳಿಯ ಕಡೆಯವರು ಗಾದಿ ಕೊಳ್ಳಲು ಬಂದರೆ, ನೀರು ಬಂತೇನು ಎಂದು ಕೇಳುವುದನ್ನು ಮಾತ್ರ ಬಿಡಲಿಲ್ಲ.