ಬಾಯಿಲ್ಲದ ಅಕ್ಷರದ ಮೇಷ್ಟ್ರು

ಧನಕವಡಿ ಬಡಾವಣೆಯ ಆ ಮೊದಲ ಮಹಡಿಯ ಪಾಠದ ಕೋಣೆಯಲ್ಲಿ ಈಗ ಎಷ್ಟು ಮಕ್ಕಳು ಕೂತಿರಬಹುದು? ಮೂರು ವಾರವಾಯಿತು, ಮಗಳ ತಲೆ ಬಾಚುವಾಗಲೂ ಇದೇ ಚಿಂತೆ.

ಸ್ಪ್ಯಾನಿಷ್ ಪಾಠ ಹೇಳುವ ಹಣಮಂತ್ರಾಯ ಸರ್ ತಪ್ಪಿಗೆ ಕೆಂಪು ಗೀಟು ಎಳೆದವರಲ್ಲ. ಕಣ್ಣು ಮುಚ್ಚಿ, ಕಿವಿಯನ್ನು ಮಗುವಿನತ್ತ ವಾಲಿಸಿ, “ನೀ ಬರದದ್ದು ನೀನ ಓದು” ಎನ್ನುವರು. ಮೇ ತಿಂಗಳ ಧಗೆಯಲ್ಲೂ ಬಿಚ್ಚದ ಬೂದು ಕೋಟು, ಹೆಜ್ಜೆಗೊಮ್ಮೆ ನಿಂತು ಏನನ್ನೋ ಆಲಿಸುವಂಥ ನಡಿಗೆ. ಕಲಬುರಗಿಯಿಂದ ಈ ಮರಾಠಿ ಊರಿಗೆ ಬಂದು, ಇಲ್ಲಿನ ಕ್ಯಾಂಪ್ ಪ್ರದೇಶದ ರಫ್ತು ಕಚೇರಿಯೊಂದರಲ್ಲಿ ಮೂವತ್ತು ವರ್ಷ ಸ್ಪೇನಿನ ಪತ್ರಗಳಿಗೆ ಉತ್ತರ ಬರೆಯುತ್ತಲೇ ಆ ಭಾಷೆಯನ್ನು ಒಲಿಸಿಕೊಂಡ ಅವರಲ್ಲಿ ಶ್ರವಣೇಂದ್ರಿಯವೇ ಸರ್ವಾಧಿಕಾರಿ ಎನಿಸುತ್ತಿತ್ತು.

ನನ್ನ ಸಿಂಧೂರ ಆರನೇ ಕ್ಲಾಸು. ‘ತಲುಪು’ ಎಂಬುದಕ್ಕೆ ಸ್ಪ್ಯಾನಿಷಿನಲ್ಲಿ ‘ಯೆಗಾರ್’. ‘ನಾನು ತಲುಪಿದೆ’ ಎನ್ನಬೇಕಾದರೆ ಕೊನೆಯ ‘ಆರ್’ ಕಿತ್ತು ‘ಎ’ ಎಂದು ಉಲಿಯುವ ಇ ಅಕ್ಷರ ಅಂಟಿಸು, ಮುಗೀತು, ಎಂದು ಹೇಳಿಕೊಟ್ಟವಳು ನಾನೇ. ಅವಳು ಹಾಗೇ ಬರೆದಳು. ಜಿ ಅಕ್ಷರದ ಪಕ್ಕಕ್ಕೇ ಇ ಬಂದರೆ ಸ್ಪ್ಯಾನಿಷಿನಲ್ಲಿ ‘ಗ’ಕಾರ ‘ಹ’ಕಾರವಾಗುತ್ತದಂತೆ, ಸರ್ ಓದಿಸಿದಾಗ ಮಗು “ಯೆಹೇ” ಎಂದಿತು.

“ಗ ಎಲ್ಲಿ ಹೋತವ್ವಾ? ಕಾತ್ರಜ ಬಸ್ ಸ್ಟಾಪಿನ್ಯಾಗ ಇಳದ್ ಹೋತೇನು?” ಎಂದು ನಕ್ಕರು. “ನಡುವ ಒಂದು ಯು ಹಾಕು. ಅದು ಬಾಯಿ ಬಿಡಂಗಿಲ್ಲ, ಬಾಗಲಾಗ ನಿಂತು ಧ್ವನಿ ಕಾಯ್ತದ. ‘ನಾನು’ ಅಂದಾಗಷ್ಟ ಬೇಕದು. ‘ನೀನು’, ‘ಅವನು’ ಅಂದ್ರ ಬ್ಯಾಡ.”

ಸರ್ ಕೊಟ್ಟಿದ್ದ ಕಿರುಪರೀಕ್ಷೆಯಲ್ಲಿ ಒಂದು ಅಂಕ ಹೋಯಿತು. ಉಚ್ಚಾರವೇ ಇಲ್ಲದ ಅಕ್ಷರಕ್ಕೆ ಅಂಕವೇ ಎಂದು ನನಗೆ ಉರಿಯಿತು. ಪುಸ್ತಕ ತೆರೆದು ನೋಡುವಷ್ಟು ವ್ಯವಧಾನ ಯಾರಿಗಿತ್ತು? ತಾಯಂದಿರ ವಾಟ್ಸಾಪ್ ಗ್ರೂಪಿನಲ್ಲಿ, ಮರಾಠಿಯಲ್ಲಿ, ಬರೆದೇಬಿಟ್ಟೆ: ಸರ್ ಇಲ್ಲದ ಯು ತುರುಕುತ್ತಾರೆ, ಇದು ಕಲಬುರಗಿಯ ಸ್ಪ್ಯಾನಿಷ್ ಇರಬೇಕು! ಗ್ರೂಪು ನಡೆಸುವ ಸ್ನೇಹಲ್ ನಗುವ ಮುಖಗಳ ಸಾಲನ್ನೇ ಹಾಕಿದಳು. ಮೈಸೂರಿನವಳು ನಾನು, ನಮ್ಮದೇ ನುಡಿಯ ಹಿರಿಯರನ್ನು ಪರಭಾಷೆಯಲ್ಲಿ ಆಡಿಕೊಂಡು ನಾಲ್ಕು ಜನರ ಮೆಚ್ಚುಗೆ ಗಳಿಸಿದೆ. ಸೋಮವಾರದ ಹೊತ್ತಿಗೆ ಆರು ಮಕ್ಕಳು ಪಾಠ ಬಿಟ್ಟವು. ನನ್ನ ಮಗಳೂ ಬಿಟ್ಟಳು, ಅಂದರೆ ನಾನು ಬಿಡಿಸಿದೆ.

ಮೊನ್ನೆ ಶಾಲೆಯ ಸ್ಪ್ಯಾನಿಷ್ ಪುಸ್ತಕದಲ್ಲೇ ಮುಂದಿನ ಪಾಠ ಬಂತು. ಅಲ್ಲಿ ‘ನಾನು ತಲುಪಿದೆ’ ಎಂಬ ಪದದ ನಡುವೆ ಯು ಇತ್ತು. “ಅಮ್ಮಾ, ಸರ್ ಕರೆಕ್ಟಾಗೇ ಹೇಳಿದ್ರಲ್ವಾ?” ಎಂದಳು ಸಿಂಧೂರ. ನನ್ನ ಕಿವಿ ಕಾದುಹೋಯಿತು.

ಮೂರು ಸಲ ನಂಬರು ಒತ್ತಿ ಮೂರು ಸಲವೂ ಕತ್ತರಿಸಿ, ಕೊನೆಗೆ ಸರ್‌ಗೆ ಫೋನು ಮಾಡಿದೆ.

“ಹೇಳ್ರಿ ತಾಯಿ.”

“ಸರ್, ತಪ್ಪು ನಂದು. ನೀವು ಹೇಳಿಕೊಟ್ಟಿದ್ದೇ ಸರಿ.”

“ಅದು ನನಗ ಗೊತ್ತದರಿ,” ಎಂದರು, ಸಿಟ್ಟಿಲ್ಲದೆ. “ಮಕ್ಕಳನ್ನ ಬಿಡಿಸಿದ ಆ ತಾಯಂದಿರಿಗೆ ಗೊತ್ತಿಲ್ಲ.”

ಧ್ವನಿಗೆ ನಿಷ್ಠರಾದ ಜನ ಇಂಥವರೇ ಇರಬೇಕು: ಅವರಿಗೆ ಕ್ಷಮಾಯಾಚನೆ ಬೇಡ, ತಿದ್ದುಪಡಿ ಬೇಕು, ಅದೂ ತಪ್ಪು ಬಿದ್ದ ಜಾಗದಲ್ಲೇ.

ಗ್ರೂಪಿನಲ್ಲಿ ತಪ್ಪೊಪ್ಪಿ ಬರೆಯುವ ಮುನ್ನ, ಅದನ್ನು ನಡೆಸುವ ಸ್ನೇಹಲ್‌ಗೆ ಫೋನು ಹಚ್ಚಿದೆ. “ಬೋಲ್ ಗ,” ಹೇಳೇ, ಎಂದಳು ಮರಾಠಿಯಲ್ಲಿ, ಆಗಲೇ ನಗಲು ಸಿದ್ಧಳಾದವಳಂತೆ.