ಪೂರ್ತಿ ಅಳಿಯದ ಹಲಗೆ

ನಾನು ಒಂದು ಕರಿಹಲಗೆ. ಹುಟ್ಟಿದ್ದು ಧಾರವಾಡದ ಬಡಿಗೇರರೊಬ್ಬರ ಕೈಯಲ್ಲಿ. ಪುಣ್ಯಾತ್ಮರು ಒಂದು ಸಲ ಬಣ್ಣ ಬಳಿದು ಚಹಾ ಕುಡಿಯಲು ಹೋದರು, ಮರಳಿ ಬಂದವರು ಎರಡನೇ ಸಲ ಬಳಿಯುವುದನ್ನೇ ಮರೆತರು. ಹೀಗಾಗಿ ನನ್ನ ಮೇಲೆ ಬರೆದದ್ದು ಪೂರ್ತಿ ಅಳಿಯುವುದಿಲ್ಲ. ಒರೆಸಿ ಒಣಗಿದ ಮೇಲೆ ಹಳೆಯ ಅಕ್ಷರಗಳು ಮಸುಕಾಗಿ ಮೇಲೇಳುತ್ತವೆ. ಶಾಲೆಯ ಮಾಸ್ತರರು ಇದಕ್ಕಾಗಿ ನನ್ನನ್ನು ಎಂಟು ವರ್ಷ ಬೈದು, ಕೊನೆಗೆ ವಿಶ್ವವಿದ್ಯಾಲಯದ ಕೋಣೆಯೊಂದಕ್ಕೆ ಸಾಗಹಾಕಿದರು.

ಅಲ್ಲಿ ನನ್ನ ಒಡತಿಯಾದವಳು ಪಿಎಚ್‌ಡಿ ಮಾಡುತ್ತಿದ್ದ ರಾಜೇಶ್ವರಿ ಹೂಗಾರ. ನಾವು ಕೊಡುವ ಲೆಕ್ಕವನ್ನು ಕ್ವಾಂಟಮ್ ಕಂಪ್ಯೂಟರಿಗೆ ಒಗ್ಗುವ ಹಾಗೆ ಜೋಡಿಸುವ ಪ್ರೋಗ್ರಾಂ ಬರೆಯುವುದು ಅವಳ ಕೆಲಸ. ಆ ಯಂತ್ರದೊಳಗೆ ಲೆಕ್ಕದ ಅಂಕಿಗಳನ್ನು ಹಿಡಿದಿಡುವ ಕ್ಯೂಬಿಟ್‌ಗಳೆಂಬ ಪುಟ್ಟ ಘಟಕಗಳು ಸಾಲಾಗಿ ಕೂತಿರುತ್ತವೆ, ಪಕ್ಕದವರ ಜೊತೆ ಮಾತ್ರ ಮಾತು. ದೂರದವರೊಡನೆ ಮಾತಾಡಬೇಕಾದರೆ ಜಾಗ ಬದಲಿಸುತ್ತ ಹತ್ತಿರ ಬರಬೇಕು. ಪ್ರತಿ ಬದಲಾವಣೆಯಲ್ಲೂ ಒಂದಿಷ್ಟು ತಪ್ಪು ನುಸುಳುತ್ತದೆ. ನಲವತ್ತು ಸಲ ಜಾಗ ಬದಲಿಸಬೇಕಿದ್ದ ಲೆಕ್ಕವನ್ನು ನನ್ನ ಹುಡುಗಿ ಹನ್ನೊಂದರಲ್ಲಿ ಮುಗಿಸಿದಳು. ನನಗೆ ಹೆಮ್ಮೆಯೋ ಹೆಮ್ಮೆ.

ಆದರೆ ಅದನ್ನು ದೂರದೂರಿನಲ್ಲಿದ್ದ ಆ ಯಂತ್ರಕ್ಕೆ ಕಳಿಸಿದಾಗಲೆಲ್ಲ ಉತ್ತರ ತಪ್ಪು ಬರುತ್ತಿತ್ತು. ನಾಲ್ಕು ತಿಂಗಳು ಹೀಗೇ ಆಯಿತು. ಸೋಮವಾರದೊಳಗೆ ಸರಿಹೋಗದಿದ್ದರೆ ವಿಷಯವನ್ನೇ ಬದಲಿಸು ಎಂದರು ಗೈಡ್ ಇನಾಮದಾರ ಸರ್. ಮೂರು ವರ್ಷದ ದುಡಿಮೆ ನೀರಲ್ಲಿ ಹೋಮ ಮಾಡಿದ ಹಾಗಾಗುತ್ತಿತ್ತು.

ಅವಳಿಗೊಂದು ರೂಢಿ. ನನ್ನ ಮೇಲೆ ಒಂದೊಂದು ಕ್ಯೂಬಿಟ್ಟಿಗೂ ಒಂದು ಗೆರೆ, ಗೆರೆಯ ತುದಿಗೆ ಅದರ ಹೆಸರು. ಎರಡು ಕ್ಯೂಬಿಟ್‌ಗಳು ಜಾಗ ಬದಲಿಸಿದರೆ ಹೆಸರುಗಳನ್ನು ಒರೆಸಿ ಅದಲುಬದಲು ಬರೆಯುತ್ತಿದ್ದಳು. ಶನಿವಾರ ಮಧ್ಯಾಹ್ನ ಕೋಣೆ ಸ್ವಚ್ಛ ಮಾಡುವ ಹುಸೇನಬಿ ನನ್ನನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ರಾಜೇಶ್ವರಿ ಗಲ್ಲಕ್ಕೆ ಕೈಕೊಟ್ಟು ಎದುರಿಗೆ ಕೂತಿದ್ದಳು. ನಾನು ಒಣಗುತ್ತ ಬಂದೆ. ಮೊದಲಿನ ಹೆಸರುಗಳೂ ಕೊನೆಯ ಹೆಸರುಗಳೂ ಒಂದರ ಮೇಲೊಂದು ಕಾಣಿಸಿಕೊಂಡವು. ಮೇಲಿನ ಗೆರೆಯಲ್ಲಿ ಮೊದಲಿದ್ದದ್ದು 'ಅ', ಕೊನೆಗೆ ಕೂತಿದ್ದದ್ದು 'ಕ'.

ಅವಳು ಹಣೆ ಚಚ್ಚಿಕೊಂಡಳು.

"ಎಲ್ಲಾರೂ ಜಾಗಾ ಬದಲಿ ಮಾಡ್ಯಾರ್ರಿ ಚಾಚಿ. ನಾ ಇನ್ನೂ ಹಳೇ ಜಾಗಾ ನೋಡೇ ಹಾಜರಿ ತೊಗೊಳ್ಳಾಕತ್ತೀನಿ."

ಲೆಕ್ಕವೆಲ್ಲ ಸರಿಯಾಗಿಯೇ ಇತ್ತು. ಕೊನೆಗೆ ಯಾರು ಎಲ್ಲಿ ಕೂತಿದ್ದಾರೆಂದು ತಿಳಿಸುವ ಸಾಲೊಂದು ಪ್ರೋಗ್ರಾಂನಲ್ಲಿ ಇರಲಿಲ್ಲ, ಅಷ್ಟೇ. ಅದನ್ನು ಸೇರಿಸಿದಳು. ಸೋಮವಾರ ಸರಿಯಾದ ಉತ್ತರ ಬಂತು. ಇನಾಮದಾರ ಸರ್ ಎರಡು ಸಲ ಓದಿ ನೋಡಿ, ವಿಷಯ ಬದಲಿಸುವ ಮಾತು ಬಿಟ್ಟರು.

ಈಗ ನನಗೆ ವಯಸ್ಸಾಗಿದೆ, ಒಂದು ಕಾಲನ್ನು ಗೆದ್ದಲು ತಿಂದಿದೆ. ಡಾಕ್ಟರ್ ರಾಜೇಶ್ವರಿ ಇಲ್ಲೇ ಪಾಠ ಹೇಳುತ್ತಾಳೆ. ಹೋದ ವಾರ ಬಿಳಿ ಹಲಗೆಗಳು ಬಂದವು, ನನ್ನನ್ನು ಗುಜರಿಗೆ ಹೊತ್ತರು. ಅವಳು ಬಾಗಿಲಲ್ಲೇ ಅಡ್ಡ ನಿಂತಳು. ಇದು ಸ್ವಚ್ಛ ಅಳಿಯುವುದಿಲ್ಲವಲ್ಲ ಮೇಡಮ್ ಎಂದರು ಹೊತ್ತವರು.

"ಅದಕ್ಕ ನನಗ ಬೇಕಾಗೇತಿ" ಎಂದು ನನ್ನನ್ನು ತನ್ನ ಕೋಣೆಗೆ ತರಿಸಿಕೊಂಡಳು.

ಬಡಿಗೇರರು ಅವತ್ತು ಚಹಾ ಕುಡಿಯಲು ಹೋದದ್ದೇ ಒಳ್ಳೆಯದಾಯಿತು.