ಭಾವ ತಂದ ಡಿಸ್ಕು

ಭಾವ ಕಂಪ್ಯೂಟರಿನ ಡಬ್ಬವನ್ನು ಅವುಚಿಕೊಂಡು ನಾದಿನಿಯ ರಿಪೇರಿ ಅಂಗಡಿಗೆ ಬಂದಾಗಲೇ ಅವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಮನೆಯಲ್ಲಿ ಬಲ್ಬು ಬದಲಾಯಿಸಲೂ ಹೆಂಡತಿಯನ್ನು ಕೂಗುವ ಮಹಾರಾಯ ಅವನು!

"ತುಂಬಾ ಸ್ಲೋ ಆಗ್ಬಿಟ್ಟಿದೆ ಕಣಮ್ಮ. ಎಲ್ಲ ಅಳಿಸಿ ಒಂದೇ ಡ್ರೈವ್ ಮಾಡ್ಕೊಡು."

"ಅಕ್ಕಂಗೆ ಗೊತ್ತಾ ಭಾವ?"

"ಅವಳೇ ಕಳಿಸಿದ್ದು," ಎಂದ, ಗೋಡೆ ನೋಡುತ್ತ. ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು ನೋಡಿ.

ಹಾರ್ಡ್ ಡಿಸ್ಕ್ ಬಿಚ್ಚಿ ತನ್ನ ಮೇಜಿನ ಕಂಪ್ಯೂಟರಿಗೆ ಸಿಕ್ಕಿಸಿದಳು. ಡಿಸ್ಕಿನಲ್ಲಿ ಎರಡು ಭಾಗ, ಅಂದರೆ ಪಾರ್ಟಿಷನ್, ಕಂಡವು. ಎರಡನೆಯದರ ತುಂಬ ಅಕ್ಕ ಬರೆದ ಮನೆ ನಕ್ಷೆಗಳು. ಮಗು ಹುಟ್ಟಿದ ಮೇಲೆ ಮೊದಲ ಬಾರಿಗೆ ಅಕ್ಕನನ್ನು ಕೆಲಸದ ಸಂದರ್ಶನಕ್ಕೆ ಕರೆದಿದ್ದರು. ಸೋಮವಾರ ಇವನ್ನೇ ತೋರಿಸಬೇಕು. ಇನ್ನೊಂದು ಪ್ರತಿ ಇಟ್ಕೋ ಎಂದು ಬಾಯಿ ನೋಯುವಷ್ಟು ಹೇಳಿದ್ದಳು. ಅಕ್ಕ ಕೇಳಿದರೆ ತಾನೇ!

ಇವನ್ನು ಅಳಿಸಲೆಂದೇ ತಂದನೇ? ಅಪ್ಪ ಹೋದ ಮೇಲೆ ತನ್ನನ್ನು ಕಾಲೇಜಿಗೆ ಸೇರಿಸಿದ್ದು, ಅವರಿವರ ಕೈಕಾಲು ಹಿಡಿದು ಈ ಅಂಗಡಿ ಕೊಡಿಸಿದ್ದು ಇದೇ ಭಾವ. ಇವನ ಮೇಲೆ ಅವಳಿಗೆ ಜೀವ.

ಅದೇ ಕಂಪ್ಯೂಟರಿನಲ್ಲಿ, ಬೆಳಿಗ್ಗೆಯಷ್ಟೇ ಪಾರ್ಟಿಷನ್ ಮಾಡಿದ್ದ ಹೊಸ ಖಾಲಿ ಡಿಸ್ಕೂ ಇತ್ತು. ಸದ್ದಿಲ್ಲದೆ ಪರದೆಯಲ್ಲಿ ಅದನ್ನು ಆರಿಸಿ, ಕೀಬೋರ್ಡನ್ನು ಭಾವನ ಕಡೆ ತಿರುಗಿಸಿದಳು. ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡುವಾಗ ಕೊನೆಯ ಗುಂಡಿಯನ್ನು ಡಿಸ್ಕ್ ತಂದವರೇ ಒತ್ತಬೇಕೆಂಬುದು ಅವಳ ಅಂಗಡಿಯ ಪದ್ಧತಿ; ಅದು ಅಕ್ಕನಿಗೂ ಗೊತ್ತು.

"ಒತ್ತಿದ್ರೆ ಅಕ್ಕನ ನಕ್ಷೆಗಳೆಲ್ಲ ಹೋಗುತ್ತೆ ಭಾವ. ಅವಳಿಗೊಂದು ಫೋನ್ ಮಾಡೋಣ್ವಾ?"

"ಬೇಡ ಬೇಡ."

ಕೈ ಹಿಂದಕ್ಕೆ ತಗೋ, ದಮ್ಮಯ್ಯ, ಎಂದು ಅವಳು ಒಳಗೊಳಗೇ ಬೇಡಿಕೊಂಡಳು. ಭಾವನ ಬೆರಳು ಗುಂಡಿಯ ಮೇಲೆ ಹಾಗೇ ನಿಂತಿತ್ತು. ಇನ್ನೊಂದು ಕೈಯಿಂದ ಹಣೆ ಒರೆಸಿಕೊಂಡ. ಆಮೇಲೆ ಒತ್ತಿಬಿಟ್ಟ.

ಹಸಿರು ಪಟ್ಟಿ ಸರಸರನೆ ತುಂಬಿತು. ಅವನು ಉಸಿರುಬಿಟ್ಟ. "ಅಕ್ಕ ಕೇಳಿದ್ರೆ ಡಿಸ್ಕ್ ತಾನಾಗೇ ಕೆಟ್ಟೋಯ್ತು ಅಂದ್ಬಿಡು. ಚಿಕ್ಕ ಮಗು ಇಟ್ಕೊಂಡು ಅವಳಿಗ್ಯಾಕಮ್ಮ ಕೆಲಸ?"

"ನೀವು ಅಳಿಸಿದ್ದು ಖಾಲಿ ಡಿಸ್ಕು ಭಾವ. ಅಕ್ಕಂದು ಹಾಗೇ ಇದೆ."

ಭಾವ ತಡೆಯುವಷ್ಟರಲ್ಲಿ ಅವಳು ಅಕ್ಕನಿಗೆ ಫೋನ್ ಮಾಡಿಯಾಗಿತ್ತು.

"ಅಕ್ಕಾ, ಭಾವ ನಿನ್ನ ಡಿಸ್ಕ್ ಅಳಿಸೋಕೆ ತಂದಿದ್ರು. ಹೆದರ್ಕೋಬೇಡ, ನಾನು ಖಾಲಿ ಡಿಸ್ಕ್ ಕೊಟ್ಟೆ, ಏನೂ ಹೋಗಿಲ್ಲ."

ಅಕ್ಕ ನಕ್ಷೆಗಳ ಸುದ್ದಿಯನ್ನೇ ಎತ್ತಲಿಲ್ಲ.

"ಕೊನೇ ಗುಂಡಿ ಅವರೇ ಒತ್ತಿದ್ರಾ?"

ಎದುರಿಗೆ ಭಾವ ಕೈಮುಗಿದು, ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದ.

"ಹ್ಞೂಂ ಕಣಕ್ಕ," ಎಂದಳು.